ಹಾವಿಗೆ ತೊಂಬತ್ತು, ನಮಗೆ ಅರವತ್ತಾರು

ಅಮೆರಿಕದ ಯಾವ ಕನ್ನಡ ಕೂಟಕ್ಕೆ ಹೋದರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಹೊಸ ಕಾರು ತೆಗೆದುಕೊಂಡೆವು ಎಂದರೆ ‘ಸಂತೋಷ’ ಎನ್ನುವುದಿಲ್ಲ, ಟೈರಿಗೆ ಗಾಳಿ ಎಷ್ಟು ಹಾಕಿಸಿದ್ದೀರಿ ಎಂದು ಕೇಳುತ್ತಾರೆ. ಮಗಳಿಗೆ ಹೆರಿಗೆಯಾಯಿತು ಎಂದರೆ ಮಗುವಿನ ಕಾರ್ ಸೀಟು ಯಾವ ವರ್ಷದ ಮಾಡೆಲ್ಲು ಎನ್ನುತ್ತಾರೆ. ಷಿಕಾಗೊ ಪಕ್ಕದ ನೇಪರ್‌ವಿಲ್‌ನಲ್ಲಿರುವ ನಮ್ಮ ಭಾವ ಈ ಪಂಥದ ಪೀಠಾಧಿಪತಿಗಳು.

ಸಂಕ್ರಾಂತಿಯ ಸಾಮೂಹಿಕ ಊಟದಲ್ಲಿ ಎಲ್ಲರೂ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದರೆ, ಭಾವ ಕೋಟಿನ ಜೇಬಿನಿಂದ ಪಿಸ್ತೂಲಿನಂಥದ್ದೊಂದನ್ನು ತೆಗೆದು ಬಿಸಿಬೇಳೆಭಾತಿನ ಪಾತ್ರೆಗೆ ಗುರಿಯಿಟ್ಟರು. ಹಿಂದೆ ನಿಂತಿದ್ದ ಹೆಂಗಸೊಬ್ಬರು ಹೌಹಾರಿದರು. ಅದು ಇನ್‌ಫ್ರಾರೆಡ್ ಥರ್ಮಾಮೀಟರು. ಕೆಂಪು ಚುಕ್ಕೆ ಪಾತ್ರೆಯ ಹೊಟ್ಟೆಯ ಮೇಲೆ ಕೂತಿತು. ‘ನೋಡಮ್ಮ, ಪಳಪಳ ಹೊಳೆಯೋ ಸ್ಟೀಲಿಗೆ ಹಿಡಿದರೆ ಇದು ತಪ್ಪು ತೋರಿಸತ್ತೆ. ಭಾತಿಗೇ ಹಿಡೀಬೇಕು’ ಎಂದು ಮುಚ್ಚಳ ಸರಿಸಿ ಮತ್ತೆ ಹಿಡಿದರು. 131 ಫ್ಯಾರನ್‌ಹೀಟ್. ‘140 ಇರಬೇಕಿತ್ತು’ ಎಂದು ಘೋಷಿಸಿದರು. ಭಾತು ಮಾಡಿ ತಂದಿದ್ದ ಮನೆಯವರು ಇಂದಿಗೂ ಅಕ್ಕನ ಜೊತೆ ಸರಿಯಾಗಿ ಮಾತಾಡುವುದಿಲ್ಲ.

ಆ ಪಿಸ್ತೂಲು ಭಾತಿಗಾಗಿ ಬಂದದ್ದಲ್ಲ, ಹಾವಿಗಾಗಿ ಬಂದದ್ದು.

ಅಕ್ಕನ ಮಗ ಮಿಡ್ಲ್ ಸ್ಕೂಲಿನಲ್ಲಿದ್ದಾಗ ಸರೀಸೃಪಗಳ ಮೇಳವೊಂದಕ್ಕೆ ಹೋಗಿ ಬಾಲ್ ಪೈಥಾನ್ ಬೇಕೆಂದು ಹಟ ಹಿಡಿದ. ಪಶ್ಚಿಮ ಆಫ್ರಿಕಾದ ಘಾನಾ, ಟೋಗೊ, ಬೆನಿನ್ ಕಡೆಯ ಪುಟ್ಟ ಹೆಬ್ಬಾವು ಅದು. ಮೂರು ನಾಲ್ಕು ಅಡಿ ಬೆಳೆಯುತ್ತದೆ, ವಿಷವಿಲ್ಲ, ಹೆದರಿದರೆ ತಲೆಯನ್ನು ನಡುವೆ ಅಡಗಿಸಿಕೊಂಡು ಉಂಡೆ ಸುತ್ತಿಕೊಳ್ಳುತ್ತದೆ. ನಮ್ಮೂರಿನಲ್ಲಾದರೆ ಒಂದು ಕೇರೆಹಾವನ್ನೂ ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಹಾವಾಡಿಗರ ಬುಟ್ಟಿಗಳೇ ಖಾಲಿಯಾದವು. ಅಲ್ಲಿ ಹಾಗಲ್ಲ, ದುಡ್ಡು ಕೊಟ್ಟರೆ ಡಬ್ಬಿಯಲ್ಲಿ ಹಾಕಿ ಕೊಡುತ್ತಾರೆ. ‘ಅದು ಒಳಗೆ ಬಂದರೆ ನಾನು ಹೊರಗೆ’ ಎಂದು ಭಾವ ಖಡಾಖಂಡಿತವಾಗಿ ಹೇಳಿದ್ದರಂತೆ. ಹುಡುಗ ಅಜ್ಜಿಗೆ ಫೋನು ಮಾಡಿ ಅತ್ತ, ಅಜ್ಜಿ ಅಳಿಯನಿಗೆ ಫೋನು ಮಾಡಿದರು, ಹಾವು ಒಳಗೆ ಬಂತು. ಅದು ಸುತ್ತಿಕೊಂಡು ಮಲಗುವ ಚಂದ ನೋಡಿ ಅಕ್ಕನೇ ‘ಚಕ್ಕುಲಿ’ ಎಂದು ಹೆಸರಿಟ್ಟಳು. ಭಾವ ಹೊರಗೆ ಹೋಗಲಿಲ್ಲ, ಮುಖ ತಿರುಗಿಸಿಕೊಂಡು ಸೋಫಾದಲ್ಲಿ ಕೂತರು.

ಅವರ ಮುಖ ಈಚೆಗೆ ತಿರುಗಿದ್ದು ಹಾವಿನ ಜೊತೆ ಬಂದ ರಟ್ಟಿನ ಪೆಟ್ಟಿಗೆ ಬಿಚ್ಚಿದಾಗ. ಗಾಜಿನ ಟ್ಯಾಂಕು, ಒಳಗೆ ಹೀಟರ್ ಇರುವ ಪ್ಲಾಸ್ಟಿಕ್ ಬಂಡೆ, ಒಂದು ಕೆಂಪು ಬಲ್ಬು, ಗೋಡೆಗಂಟಿಸುವ ಗಡಿಯಾರದ ಮುಳ್ಳಿನ ಥರ್ಮಾಮೀಟರು. ಭಾವ ಪೆಟ್ಟಿಗೆಯನ್ನು ತಲೆಕೆಳಗು ಮಾಡಿ ಕೊಡವಿದರು. ಇನ್ನೇನೂ ಬೀಳಲಿಲ್ಲ.

‘ಥರ್ಮೋಸ್ಟಾಟ್ ಎಲ್ಲಿ?’

‘ಅದು ಬೇರೆ ತಗೋಬೇಕಂತೆ ಅಪ್ಪ.’

‘ಥರ್ಮೋಸ್ಟಾಟ್ ಇಲ್ಲದೆ ಹೀಟರ್ ಮಾರ್ತಾರಾ?’

ಆ ಕ್ಷಣಕ್ಕೆ ಹಾವು ಮಗನ ಕೈತಪ್ಪಿ ಅಪ್ಪನ ಪಾಲಾಯಿತು. ಭಾವನಿಗೆ ಹಾವಿನ ಮೇಲೆ ಪ್ರೀತಿ ಉಕ್ಕಿತು ಎಂದು ಯಾರೂ ತಿಳಿಯಬಾರದು. ಅವರನ್ನು ಕೆರಳಿಸಿದ್ದು ಆ ಬಂಡೆ. ಅದರೊಳಗಿನ ತಂತಿ ಒಂದು ಕಡೆ ಹೆಚ್ಚು, ಒಂದು ಕಡೆ ಕಮ್ಮಿ ಕಾಯುತ್ತದೆ. ಹಾವು ಬೆಚ್ಚಗಿದೆ ಎಂದು ಸುತ್ತಿ ಮಲಗಿದರೆ ಹೊಟ್ಟೆ ಸುಡುತ್ತಿದ್ದರೂ ಎಷ್ಟೋ ಸಲ ಏಳುವುದೇ ಇಲ್ಲ. ‘ಮೇಲ್ದುಟಿಯಲ್ಲಿ ಸಾಲಾಗಿ ಗುಳಿ ಇವೆ ನೋಡು, ಕತ್ತಲಲ್ಲಿ ಇಲಿಯ ಮೈಬಿಸಿ ಅದಕ್ಕೆ ಅಷ್ಟು ದೂರದಿಂದ ಗೊತ್ತಾಗತ್ತೆ. ತನ್ನ ಹೊಟ್ಟೆ ಬೇಯ್ತಿರೋದು ಗೊತ್ತಾಗಲ್ಲ. ಎಂಥಾ ಡಿಸೈನು!’ ಎಂದು ದೇವರನ್ನೇ ಮೀಟಿಂಗಿಗೆ ಕರೆದು ಬೈಯುವ ಧಾಟಿಯಲ್ಲಿ ಹೇಳಿದರು. ಬಂಡೆ ಕಸಕ್ಕೆ ಹೋಯಿತು. ಕೆಂಪು ಬಲ್ಬು ಹಿಂಬಾಲಿಸಿತು. ಮುಳ್ಳಿನ ಥರ್ಮಾಮೀಟರನ್ನು ಮಾತ್ರ ಇಟ್ಟುಕೊಂಡಿದ್ದಾರೆ, ಬಂದವರಿಗೆಲ್ಲ ಅದು ಎಷ್ಟು ಡಿಗ್ರಿ ಸುಳ್ಳು ಹೇಳುತ್ತದೆಂದು ತೋರಿಸುವುದಕ್ಕೆ.

ಹಾವು ತನ್ನ ಮೈಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಅದಕ್ಕೆ ಮನೆಯೊಳಗೇ ಎರಡು ಊರು ಬೇಕು: ಬಿಸಿ ತುದಿ 90 ಫ್ಯಾರನ್‌ಹೀಟಿನ ಆಸುಪಾಸು, ಅಂದರೆ ನಮ್ಮ 32 ಸೆಲ್ಸಿಯಸ್, ತಂಪು ತುದಿ 78ರ ಸುತ್ತಮುತ್ತ. ತನಗೆ ಬೇಕಾದಾಗ ಬೇಕಾದಲ್ಲಿಗೆ ಅದೇ ಹರಿದುಕೊಂಡು ಹೋಗುತ್ತದೆ. ತೀರಾ ಚಳಿಯಾದರೆ ನುಂಗಿದ ಇಲಿ ಜೀರ್ಣವಾಗದೆ ವಾಂತಿಯಾಗುತ್ತದೆ, ಉಸಿರಾಟದ ಸೋಂಕು ಬರುತ್ತದೆ. ಇಷ್ಟು ತಿಳಿದ ಮೇಲೆ ಸಾಮಾನ್ಯರು ಒಂದು ಒಳ್ಳೆಯ ಥರ್ಮೋಸ್ಟಾಟ್ ತಂದು ಮಲಗುತ್ತಾರೆ. ಭಾವ ಮೊದಲು ಟ್ಯಾಂಕಿನಡಿಗೆ ಹೀಟ್ ಮ್ಯಾಟ್ ಹಾಕಿದರು. ಮ್ಯಾಟಿನ ಕೆಳಗೆ ಗಾಳಿಯಾಡದಿದ್ದರೆ ಮೇಜು ಕಾದು ಕರಕಲಾಗುತ್ತದೆಂದು ನಾಲ್ಕು ಮೂಲೆಗೆ ರಬ್ಬರಿನ ಕಾಲು ಕೊಟ್ಟರು. ಮ್ಯಾಟು ಗಾಜನ್ನು ಕಾಯಿಸುತ್ತದೆ, ಗಾಳಿಯನ್ನು ಕಾಯಿಸುವುದಿಲ್ಲ ಎಂದು ಕಿತ್ತರು. ಸೆರಾಮಿಕ್ ಹೀಟರ್ ತಂದರು. ಅದಕ್ಕೆ ಪಿಂಗಾಣಿ ಹೋಲ್ಡರೇ ಆಗಬೇಕು, ಪ್ಲಾಸ್ಟಿಕ್ಕಿನದಾದರೆ ಕರಗಿ ಹೋಗುತ್ತದೆ. ಹಾವು ಸುತ್ತಿಕೊಳ್ಳದಂತೆ ಸುತ್ತ ಜಾಲರಿ ಬೇಕು. ಕ್ಲಿಪ್ ಹಾಕಿ ನೇತುಬಿಟ್ಟ ದೀಪ ಜಾರಿ ಬಿದ್ದರೆ ಮನೆಗೇ ಬೆಂಕಿ. ಜಾಲರಿ ಹಾಕಿದರು, ತಿರುಪು ಹಾಕಿದರು, ತಿರುಪಿಗೆ ಇನ್ನೊಂದು ತಿರುಪು ಹಾಕಿದರು, ನಿದ್ದೆ ಬರಲಿಲ್ಲ. ಕೊನೆಗೆ ಟ್ಯಾಂಕನ್ನೇ ಮಾರಿ ದೊಡ್ಡ ಪಿವಿಸಿ ಪೆಟ್ಟಿಗೆ ತಂದು ಒಳಮಾಡಿಗೆ ಚಪ್ಪಟೆಯ ರೇಡಿಯಂಟ್ ಪ್ಯಾನೆಲ್ ಕೂರಿಸಿದರು. ಅಪ್ಪನ ಎರಡು ತಿಂಗಳ ವ್ರತ ಮುಗಿಯುವ ಹೊತ್ತಿಗೆ ಮಗನಿಗೆ ಗಿಟಾರಿನ ಹುಚ್ಚು ಹಿಡಿದಿತ್ತು.

ಗೋಡೆಯ ಪ್ಲಗ್ಗಿನಿಂದ ಬಂದ ಪ್ರತಿಯೊಂದು ವೈರೂ ನೇರ ಬರುವಂತಿಲ್ಲ. ಕೆಳಗೆ ಜೋತುಬಿದ್ದು ಮೇಲೇರಿ ಸೇರಬೇಕು. ನೀರು ಚೆಲ್ಲಿದರೆ ಆ ಜೋತಿನಲ್ಲೇ ತೊಟ್ಟಿಕ್ಕಿ ಹೋಗಲಿ, ಪ್ಲಗ್ಗಿಗೆ ಇಳಿಯದಿರಲಿ ಎಂದು. ಆ ಜೋತು ಎಲ್ಲ ವೈರಿನಲ್ಲೂ ಒಂದೇ ಅಳತೆಗೆ ಇದೆ. ನಾನು ಕಣ್ಣಾರೆ ನೋಡಿದೆ, ಅವರು ಸ್ಕೇಲು ಇಟ್ಟು ತೋರಿಸಿದರು.

ಇನ್ನು ಇಲಿಯ ವಿಷಯ. ಅಕ್ಕನದು ಈರುಳ್ಳಿಯನ್ನೂ ನಾಲ್ಕು ತಿಂಗಳು ಬಿಡುವ ಮನೆ. ಸತ್ತು ಹೆಪ್ಪುಗಟ್ಟಿದ ಇಲಿಗಳಿಗೆ ಗ್ಯಾರೇಜಿನಲ್ಲಿ ಬೇರೆ ಫ್ರೀಜರ್ ಬಂತು. ತಿನ್ನಿಸುವ ಮುನ್ನ ಅದನ್ನು ಬಿಸಿನೀರಿನಲ್ಲಿಟ್ಟು ಜೀವಂತ ಇಲಿಯ ಮೈಬಿಸಿಗೆ ತರಬೇಕು, ಇಲ್ಲದಿದ್ದರೆ ಚಕ್ಕುಲಿ ಮೂಸಿಯೂ ನೋಡುವುದಿಲ್ಲ. ಬಿಸಿ ನೋಡಲು ಭಾವ ಅದೇ ಪಿಸ್ತೂಲು ಹಿಡಿದರು. ಮಾರನೆಯ ಬೆಳಿಗ್ಗೆ ಅದೇ ಪಿಸ್ತೂಲು ಉಪ್ಪಿಟ್ಟಿನ ಬಾಣಲೆಗೆ ಬಂತು. ಅಕ್ಕ ಸೌಟು ಕೆಳಗಿಟ್ಟಳು.

‘ಅದು ಮುಟ್ಟೋದೇ ಇಲ್ಲ ಕಣೇ. ದೂರದಿಂದ ನೋಡತ್ತೆ ಅಷ್ಟೆ. ಮೈಲಿಗೆ ಹೇಗಾಗತ್ತೆ?’

‘ಇಲಿ ನೋಡಿದ ಕಣ್ಣಲ್ಲಿ ನನ್ನ ಉಪ್ಪಿಟ್ಟು ನೋಡಬೇಡಿ.’

ಈಗ ಆ ಮನೆಯಲ್ಲಿ ಎರಡು ಪಿಸ್ತೂಲುಗಳಿವೆ. ಅಡಿಗೆಮನೆಯದರ ಹಿಡಿಗೆ ಅಕ್ಕ ಅರಿಶಿನದ ದಾರ ಕಟ್ಟಿದ್ದಾಳೆ. ಸಂಕ್ರಾಂತಿಗೆ ಬಂದದ್ದು ದಾರ ಕಟ್ಟಿದ್ದೇ ಎಂದು ಅವಳ ಪ್ರಮಾಣ.

ಇಷ್ಟೆಲ್ಲ ಉದಾರಿಯಾದ ಭಾವ ಮನುಷ್ಯರ ಶಾಖದ ವಿಷಯದಲ್ಲಿ ಪರಮ ಜಿಪುಣರು. ಹೊರಗೆ ಹಿಮ ಮೊಣಕಾಲುದ್ದ ಬಿದ್ದಿದ್ದರೂ ಮನೆಯ ಥರ್ಮೋಸ್ಟಾಟು 66 ದಾಟುವಂತಿಲ್ಲ. ಅಂದರೆ 19 ಸೆಲ್ಸಿಯಸ್. ಯಾರಾದರೂ ಗುಟ್ಟಾಗಿ 68ಕ್ಕೆ ಏರಿಸಿದರೆ ಆಫೀಸಿನಿಂದಲೇ ಫೋನು ಬರುತ್ತದೆ: ‘ಸ್ವೆಟರ್ ಹಾಕ್ಕೊಳ್ಳಿ.’ ಚಕ್ಕುಲಿಯ ಕೋಣೆ ಮಾತ್ರ ಹಗಲೂ ರಾತ್ರಿ 76. ಕೋಣೆ ತಣ್ಣಗಿದ್ದರೆ ಪ್ಯಾನೆಲಿಗೆ ಹೆಚ್ಚು ದುಡಿತವಾಗುತ್ತದಂತೆ.

ಆರು ತಿಂಗಳ ವೀಸಾದಲ್ಲಿ ಮೈಸೂರಿನಿಂದ ಹೋಗಿದ್ದ ನಮ್ಮ ಅಮ್ಮ ಮೊದಮೊದಲು ಆ ಕೋಣೆಯ ಮುಂದೆ ಹಾಯುವಾಗಲೆಲ್ಲ ಕೈಮುಗಿದು ಬೇಗ ಬೇಗ ನಡೆಯುತ್ತಿದ್ದರು. ಡಿಸೆಂಬರ್ ಬಂತು. ನಾನು ಹೋಗಿ ಇಳಿದ ಬೆಳಿಗ್ಗೆ ನೋಡುತ್ತೇನೆ, ಅಮ್ಮ ಚಕ್ಕುಲಿಯ ಪೆಟ್ಟಿಗೆಗೆ ಬೆನ್ನು ಕೊಟ್ಟು ಬೆತ್ತದ ಕುರ್ಚಿಯಲ್ಲಿ ಕೂತು ಜಪಮಣಿ ಎಣಿಸುತ್ತಿದ್ದಾರೆ. ‘ಈ ಮನೇಲಿ ಬೆಚ್ಚಗಿರೋದು ಇದೊಂದೇ ಜಾಗ ಕಣೆ. ನೀನೂ ಒಂದು ಕುರ್ಚಿ ಎಳ್ಕೋ’ ಎಂದರು. ಮಧ್ಯಾಹ್ನದ ಹೊತ್ತಿಗೆ ಅಕ್ಕ ಹುರುಳಿಕಾಯಿ ಹಿಡಿದುಕೊಂಡು ಅಲ್ಲಿಗೇ ಬಂದಳು. ಹೆಂಗಸರ ಮಾತು, ಬಿಸಿ ಕಾಫಿ, ಹಬೆ. ಭಾವ ಸಂಜೆ ಬಂದು ತೇವಾಂಶದ ಮೀಟರ್ ನೋಡಿ, ‘ಇಲ್ಲಿ ಯಾರು ಕಾಫಿ ಕುಡಿದಿದ್ದು?’ ಎಂದರು.

ಸುಬ್ರಹ್ಮಣ್ಯ ಷಷ್ಠಿಯ ದಿನ ಸಣ್ಣ ಕದನವೇ ಆಯಿತು. ಸಾಕ್ಷಾತ್ ನಾಗಪ್ಪನೇ ಮನೆಯಲ್ಲಿರುವಾಗ ತನಿ ಎರೆಯದೆ ಹೇಗೆ ಎಂದು ಅಮ್ಮ.

‘ಅತ್ತೆ, ಹಾವು ಹಾಲು ಕುಡಿಯೋದಿಲ್ಲ.’

‘ಕುಡೀಲಿ ಅಂತ ಯಾರು ಹೇಳಿದ್ರು? ನಾನು ಎರೀತೀನಿ ಅಂದೆ.’

‘ಥರ್ಮೋಸ್ಟಾಟಿಗೆ ಬಿಸಿ ಹೇಳೋ ಪ್ರೋಬ್ ಮೇಲೆ ಬಿದ್ದರೆ? ಅದು ಒದ್ದೆಯಾದರೆ ಪೆಟ್ಟಿಗೆ ತಣ್ಣಗಿದೆ ಅಂದ್ಕೊಳ್ಳತ್ತೆ. ಹೀಟರಿಗೆ ಇನ್ನೂ ಉರಿ ಅನ್ನತ್ತೆ. ಹಾವು ಬೆಂದುಹೋಗತ್ತೆ.’

‘ನೋಡಿ ಅಳಿಯಂದಿರೇ, ನಮ್ಮೂರ ಹುತ್ತಕ್ಕೆ ಯಾರು ಪ್ರೋಬ್ ಇಟ್ಟಿದ್ದಾರೆ?’

ಈ ಪ್ರಶ್ನೆಗೆ ಭಾವ ಸೋಲುತ್ತಾರೆಂದುಕೊಂಡರೆ ಅವರ ಮುಖ ಅರಳಿತು. ಚಕ್ಕುಲಿಯ ಬಳಗವೂ ಆಫ್ರಿಕಾದಲ್ಲಿ ಇಲಿಬಿಲದಲ್ಲಿ, ಗೆದ್ದಲ ಹುತ್ತದಲ್ಲಿ ವಾಸಿಸುವುದೇ ಎಂದು ಶುರುಮಾಡಿ, ಹೊರಗಿನ ಬಿಸಿಲು ಚಳಿಗಳು ಹುತ್ತದೊಳಗೆ ಹೇಗೆ ಮೆತ್ತಗಾಗುತ್ತವೆಂದು ಹಾಳೆಯ ಮೇಲೆ ಚಿತ್ರ ಬರೆದು ವಿವರಿಸತೊಡಗಿದರು. ಷಷ್ಠಿಯ ಮುಹೂರ್ತ ಮೀರುತ್ತಿತ್ತು. ಅಮ್ಮ ದೇವರ ಗೂಡಿನ ಬೆಳ್ಳಿ ನಾಗರವನ್ನು ತಟ್ಟೆಯಲ್ಲಿಟ್ಟು, ಪೆಟ್ಟಿಗೆಯ ಗಾಜಿನ ಮುಂದೆ, ವೈರಿನಿಂದ ಮೂರಡಿ ದೂರದಲ್ಲಿ, ಹಾಲೆರೆದು ಮುಗಿಸಿದರು. ಭಾವ ದಾರ ಕಟ್ಟಿದ ಪಿಸ್ತೂಲಿನಿಂದ ಹಾಲಿನ ಬಿಸಿ ನೋಡಿದರು ಎನ್ನುವುದನ್ನು ನಾನು ಹೇಳಬಾರದು.

ಅವರು ಅತಿ ಮಾಡುತ್ತಾರೆ ನಿಜ. ಆದರೆ 2019ರ ಜನವರಿ 30ರಂದು ಷಿಕಾಗೊದ ಓಹೇರ್ ವಿಮಾನ ನಿಲ್ದಾಣದಲ್ಲಿ ಮೈನಸ್ 23 ಫ್ಯಾರನ್‌ಹೀಟ್, ಅಂದರೆ ಸುಮಾರು ಮೈನಸ್ 31 ಸೆಲ್ಸಿಯಸ್ ಆದಾಗ, ಕರೆಂಟು ಹೋದರೆ ಏನು ಮಾಡಬೇಕೆಂದು ಯೋಚಿಸಿಟ್ಟಿದ್ದವರು ಆ ಬೀದಿಯಲ್ಲಿ ಇವರೊಬ್ಬರೇ ಇರಬೇಕು. ಥರ್ಮಾಕೋಲ್ ಪೆಟ್ಟಿಗೆಗೆ ಗಾಳಿಯಾಡಲು ತೂತು ಕೊರೆದು, ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ, ತಾವು ಸ್ಲೀಪಿಂಗ್ ಬ್ಯಾಗ್ ತಂದು ಚಕ್ಕುಲಿಯ ಪಕ್ಕದಲ್ಲೇ ಮಲಗಿದರು. ಕರೆಂಟು ಹೋಗಲಿಲ್ಲ. ‘ಹಾಳಾದ್ದು, ಹೋಗಲೇ ಇಲ್ಲ’ ಎಂದು ಬೆಳಿಗ್ಗೆ ಬೇಜಾರಿನಲ್ಲಿದ್ದರೆಂದು ಅಕ್ಕ ಹೇಳುತ್ತಾಳೆ.

ಮಗ ಈಗ ಕಾಲೇಜಿನಲ್ಲಿದ್ದಾನೆ. ಹಾಸ್ಟೆಲಿನಲ್ಲಿ ಹಾವು ಇಡುವಂತಿಲ್ಲ. ಈ ಜಾತಿಯ ಹಾವು ಇಪ್ಪತ್ತು ಮೂವತ್ತು ವರ್ಷ ಬಾಳುತ್ತದೆ ಎಂದು ಯಾರೋ ಅಂದಾಗ ಭಾವ ತಿದ್ದಿದರು: ಕಾರಿನಲ್ಲಿ ಐದು ಗಂಟೆಯ ಹಾದಿಯ ಸೇಂಟ್ ಲೂಯಿಸ್ ಮೃಗಾಲಯದಲ್ಲಿ 62 ವರ್ಷದ್ದೆಂದು ಅಂದಾಜಿಸಿದ ಬಾಲ್ ಪೈಥಾನ್ ಒಂದು 2020ರಲ್ಲಿ ಮೊಟ್ಟೆ ಇಟ್ಟಿತ್ತು, ಅದೂ ಹತ್ತಾರು ವರ್ಷ ಗಂಡಿನ ಸಹವಾಸವಿಲ್ಲದೆ. ಲೆಕ್ಕ ಹಾಕಿದರೆ ಚಕ್ಕುಲಿ ಭಾವನಿಗಿಂತ ಹೆಚ್ಚು ಬಾಳಬಹುದು. ಉಯಿಲಿನಲ್ಲಿ ಥರ್ಮೋಸ್ಟಾಟಿಗೊಂದು ಕಲಮು ಸೇರಿದೆ ಎಂದು ಕೇಳಿದ್ದೇನೆ.

ಕಳೆದ ಚಳಿಗಾಲದಲ್ಲಿ ನಮ್ಮ ಕಡೆಯ ಮದುವೆಗೆ ಅಕ್ಕ ಭಾವ ಮೈಸೂರಿಗೆ ಬಂದರು. ರಜೆಗೆ ಮನೆಗೆ ಬಂದಿದ್ದ ಮಗನ ಮೇಲೆ ಹಾವಿನ ಭಾರ. ಛತ್ರದಲ್ಲಿ ಧಾರೆಯ ಹೊತ್ತು, ಎಲ್ಲರ ಕೈಯಲ್ಲೂ ಅಕ್ಷತೆ. ಭಾವನ ಜೇಬಿನಲ್ಲಿ ಫೋನು ಕುಂಯ್‌ಗುಟ್ಟಿತು. ನೇಪರ್‌ವಿಲ್‌ನಲ್ಲಿ ಹಿಂದಿನ ರಾತ್ರಿ ಹತ್ತೂವರೆ, ಚಕ್ಕುಲಿ ಎದ್ದು ಓಡಾಡುವ ವೇಳೆ. ಭಾವ ಪರದೆಯನ್ನು ನನ್ನ ಮುಂದೆ ಹಿಡಿದರು. ಥರ್ಮೋಸ್ಟಾಟಿನ ಗೆರೆ 74ಕ್ಕೆ ಬಿದ್ದಿದೆ. ಬೇರೆಯೇ ಇಟ್ಟಿರುವ ಥರ್ಮಾಮೀಟರಿನ ಗೆರೆ 92, 93, 94 ಎಂದು ಏರುತ್ತಿದೆ. ‘ಪ್ರೋಬನ್ನ ಎಳೆದು ನೀರಿನ ಬಟ್ಟಲಿಗೆ ಹಾಕಿದೆ!’ ಎಂದರು. ಮಗನಿಗೆ ಫೋನು ಮಾಡಿದರೆ ಎತ್ತಲಿಲ್ಲ. ಪುರೋಹಿತರು ‘ಗಟ್ಟಿಮೇಳ, ಗಟ್ಟಿಮೇಳ’ ಎಂದರು, ವಾಲಗ ಜೋರಾಯಿತು, ಎಲ್ಲರೂ ಅಕ್ಷತೆ ಎರಚಿದರು. ಭಾವ ಮುಷ್ಟಿ ಬಿಗಿಹಿಡಿದು ಪರದೆಯನ್ನೇ ನೋಡುತ್ತಿದ್ದರು. 95ಕ್ಕೆ ಬಂದ ಗೆರೆ ನಿಂತಿತು. ಮೆಲ್ಲಗೆ ಇಳಿಯಿತು. ಮೊದಲನೆಯ ಥರ್ಮೋಸ್ಟಾಟ್ ಕೈಕೊಟ್ಟರೆ ಕರೆಂಟನ್ನೇ ಕತ್ತರಿಸಲೆಂದು ಇವರು ಅದರ ಹಿಂದೆ ಇನ್ನೊಂದನ್ನು ಜೋಡಿಸಿಟ್ಟಿದ್ದರು. ಇಷ್ಟು ವರ್ಷದಲ್ಲಿ ಅದಕ್ಕೆ ಕೆಲಸ ಬಿದ್ದದ್ದು ಅದೇ ಮೊದಲು.

‘ಎರಡನೇದು ಬಂತು!’ ಎಂದು ಭಾವ ವಾಲಗವನ್ನೂ ಮೀರಿಸಿ ಕೂಗಿ, ಕೈಯಲ್ಲಿ ಉಳಿದಿದ್ದ ಅಕ್ಷತೆಯನ್ನೆಲ್ಲ ಮೇಲೆ ತೂರಿದರು. ‘ಸರಿಯಾದ ಹೊತ್ತಿಗೆ ಬಂತು!’

ಪಕ್ಕದಲ್ಲಿ ಕೂತಿದ್ದ, ಕಿವಿ ಮಂದವಾದ ದೊಡ್ಡಮ್ಮ ಅವರ ತೋಳು ಹಿಡಿದೆಳೆದರು. ‘ಎರಡನೇದೇ? ನಂಗ್ಯಾರೂ ಹೇಳ್ಲೇ ಇಲ್ವಲ್ಲಪ್ಪ! ಗಂಡೋ ಹೆಣ್ಣೋ?’

ಭಾವ ಪರದೆಯಿಂದ ಕಣ್ಣೆತ್ತಲಿಲ್ಲ. ‘ಡಿಜಿಟಲ್, ದೊಡ್ಡಮ್ಮ.’

‘ಏನೋ ಒಂದು, ಈಗಿನ ಕಾಲದ ಹೆಸರುಗಳೇ ಹಾಗೆ’ ಎಂದು ದೊಡ್ಡಮ್ಮ ಸೆರಗಿನ ಗಂಟು ಬಿಚ್ಚಿ ನೂರರ ನೋಟು ತೆಗೆದರು. ‘ಮಗು ಕೈಗೆ ಕೊಡು.’