ಇಳಕಲಿನ್ಯಾಗೂ ತುಳೀಬೇಕ್ರಿ!

ಹೊಸಪೇಟೆಗೆ ಸೈಕಲ್ಲು ಹೊಸದಲ್ಲ. ಹಾಲಿನ ಕ್ಯಾನು ಹೊರುವ ಸೈಕಲ್ಲು, ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಕೊಟ್ಟು ಅವರ ಅಪ್ಪಂದಿರು ಗದ್ದೆಗೆ ಒಯ್ದ ಸೈಕಲ್ಲು, ಹಂಪಿಯಲ್ಲಿ ಬಾಡಿಗೆಗೆ ನಿಂತ ಸೈಕಲ್ಲು, ಎಲ್ಲವನ್ನೂ ಊರು ಕಂಡಿದೆ. ಕಾಣದೇ ಇದ್ದದ್ದು ಇದೊಂದನ್ನು. ಇದು ಫಿಕ್ಸೆಡ್ ಗೇರ್ ಸೈಕಲ್ಲು, ಪ್ರೀತಿಯಿಂದ ಫಿಕ್ಸಿ. ಫ್ರೀವೀಲ್ ಇಲ್ಲ. ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗಲೇಬೇಕು, ಪೆಡಲನ್ನು ಹಿಂದಕ್ಕೆ ಒತ್ತಿದರೆ ಅದೇ ಬ್ರೇಕು. ಗೇರು ಒಂದೇ ಇರಬೇಕೆಂಬುದು ಈ ಪಂಥದ ವ್ರತ. ನಮ್ಮ ಅತಿಥಿಯ ಹಿಂದಿನ ಹಬ್ಬಿನಲ್ಲಿ ಮಾತ್ರ ಮೂರು ಗೇರು ಕೂತಿವೆ. ಸನ್ಯಾಸಿಗೆ ಮೂರು ಸಂಸಾರ ಎಂದು ಊರು ನಗುತ್ತಿರುವಾಗ, ಅವರ ಕಡೆಯ ಮಾತನ್ನೂ ಕೇಳೋಣವೆಂದು ಸೈಕಲ್ ಶಾಪೊಂದರಲ್ಲಿ ಭೇಟಿಯಾದೆವು.

ತಮ್ಮ ಊರು, ಕುಲ?

ಚೌಕಟ್ಟು ಲುಧಿಯಾನದ್ದು, ಹಬ್ಬು ತೈವಾನಿಂದು, ಮಾಲಕ ಬೆಂಗಳೂರಾವ, ಮೈಮ್ಯಾಲಿನ ಕೆಂಪು ಧೂಳು ಸಂಡೂರಿಂದು. ಮಾತು ಮಾತ್ರ ಇಲ್ಲೀದು. ಶಾಪಿನ್ಯಾಗ ಕುಂತು ಕುಂತು ಕಲ್ತೀನ್ರಿ.

ಮಾಲೀಕರು ಏನು ಮಾಡುತ್ತಾರೆ?

ತೋರಣಗಲ್ಲು ಕಡೆ ಕಾರ್ಖಾನಿ ಎಂಜಿನಿಯರ್. ಬೆಂಗಳೂರಾಗ ಇದ್ದಾಗ ನನ್ನ ಕೊಂಡ್ಕೊಂಡಾನ. ಯಾಕಂದ್ರ ಸರಳತೆ ಬೇಕಾಗಿತ್ತಂತ. ಫ್ರೀವೀಲ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಸ್ಟ್ಯಾಂಡ್ ಇಲ್ಲ, ಬೆಲ್ ಇಲ್ಲ. ಇಲ್ಲದ್ದಕ್ಕೆಲ್ಲ ಬ್ಯಾರೆ ಬ್ಯಾರೆ ರೊಕ್ಕ ಕೊಟ್ಟಾನ್ರಿ! ನಮ್ಮ ಶಾಪಿನ ಮೇಸ್ತ್ರಿ ಬಿಲ್ ನೋಡಿ, "ಇಷ್ಟೆಲ್ಲ ಕಳಚಿಕೊಡಾಕ ನಾನಾಗಿದ್ರ ಐವತ್ತು ರೂಪಾಯಿ ತಗೊಂತಿದ್ದೆ" ಅಂದ.

ಅಷ್ಟು ಸರಳವಾಗಿದ್ದವರಿಗೆ ಮೂರು ಗೇರು ಏಕೆ ಬೇಕಾಯಿತು?

ಸಂಡೂರು ಬೇಕು ಮಾಡ್ತು. ಬೆಂಗಳೂರಾಗ ನನ್ನ ಸಿದ್ಧಾಂತ ಭಾಳ ಗಟ್ಟಿ ಇತ್ತು, ಅಲ್ಲಿ ಫ್ಲೈಓವರ್ ಬಿಟ್ರ ಏರು ಇರಲಿಲ್ಲ. ಇಲ್ಲಿಗೆ ಬಂದ ಮ್ಯಾಲ ಒಂದ್ ಭಾನುವಾರ ಕುಮಾರಸ್ವಾಮಿ ಬೆಟ್ಟದ ಏರಿಗೆ ಒಯ್ದ. ಲೆಕ್ಕ ಹೇಳ್ತೀನಿ ಕೇಳ್ರಿ. ಮುಂದ 48 ಹಲ್ಲು, ಹಿಂದ 16. ಪೆಡಲ್ ಒಂದ್ ಸುತ್ತು ಹಾಕಿದ್ರ ಚಕ್ರ ಮೂರು ಸುತ್ತು, ಅಂದ್ರ ಸುಮಾರು 6.3 ಮೀಟರ್ ಮುಂದಕ್ಕ. ಸಪಾಟು ರಸ್ತೆಗೆ ಇದು ಸುಖ. ಏರಿನ್ಯಾಗ ಅಷ್ಟು ದೂರ ಒಂದೇ ತುಳಿತಕ್ಕ ನೂಕಬೇಕಂದ್ರ ಮೊಣಕಾಲು ಮಾತಾಡ್ತಾವ. ಅರ್ಧಕ್ಕ ಇಳಿದ, ನನ್ನ ಕೈ ಹಿಡಿದು ನಡೆದ. ಹಿಂದಿನಿಂದ ಬಂದ ಅದಿರಿನ ಲಾರಿ ಡ್ರೈವರ್ "ಪಂಚರ್ ಏನ್ರಿ?" ಅಂತ ಕೇಳ್ದ. "ಅಲ್ಲ, ಸಿದ್ಧಾಂತ" ಅನ್ನಾಕ ಮಾಲಕಗ ಉಸಿರಿರಲಿಲ್ಲ.

ಹಾಗಾದರೆ ಎಲ್ಲರಂತೆ ಡಿರೇಲರ್ ಹಾಕಿಸಬಹುದಿತ್ತಲ್ಲ?

ಆಗಂಗಿಲ್ರಿ. ಡಿರೇಲರ್ ಅನ್ನೋದು ಚೈನಿನ ಕೆಳಗಿನ ಭಾಗಕ್ಕ ಸ್ಪ್ರಿಂಗ್ ತೋಳು ಕೊಟ್ಟು ಜೋತುಬೀಳೋ ಪ್ರಾಣಿ. ಅದು ಬದುಕಬೇಕಂದ್ರ ಕೆಳಗಿನ ಚೈನು ಯಾವಾಗ್ಲೂ ಸಡ್ಲ ಇರಬೇಕು. ನನ್ನಾಗ ಬ್ರೇಕ್ ಹಾಕಾಕ ಪೆಡಲ್ ಹಿಂದಕ್ಕ ಒತ್ತಿದ್ರ ಕೆಳಗಿನ ಚೈನೇ ಬಿಗಿ ಆಗತೈತಿ. ಒಂದೇ ಎಳ್ತಕ್ಕ ತೋಳು ಕಿತ್ಕೊಂಡು ಕಡ್ಡಿಯಾಗ ಸಿಕ್ಕಿಬೀಳತೈತಿ. ಅದಕ್ಕ ನನ್ನ ಗೇರು ಹಬ್ಬಿನ ಹೊಟ್ಟಿಯಾಗ ಅದಾವು. ನಡುವ ಸೂರ್ಯನಂಥ ಒಂದು ಹಲ್ಲುಗಾಲಿ, ಅದರ ಸುತ್ತ ಸುತ್ತೋ ಗ್ರಹಗಳು. ಮೂರನೇ ಗೇರು ನೇರ, ಎರಡನೇದು ಅದರ ಶೇಕಡಾ 75, ಒಂದನೇದು ಶೇಕಡಾ 62.5. ಅಂದ್ರ ಒಂದ್ ಸುತ್ತಿಗೆ 6.3 ಮೀಟರ್ ಹೋಗೋವ ಏರಿನ್ಯಾಗ 3.9 ಮೀಟರ್ ಹೋಗ್ತಾನ. ಅಷ್ಟಕ್ಕ ಮೊಣಕಾಲು ಸುಮ್ನಾಗ್ಯಾವ.

ಇದು ನಿಮ್ಮ ಮಾಲೀಕರ ಐಡಿಯಾನಾ?

ಅವನ ತಲೀಗೆ ಅಷ್ಟು ಓಡಂಗಿಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ಸ್ಟರ್ಮಿ ಆರ್ಚರ್ ಕಂಪನಿದು. ನಿಮ್ಮ ಅಜ್ಜ ಮದವಿಯಾಗ ಹಟ ಹಿಡಿದು ಇಸ್ಕೊಂಡ ರ‍್ಯಾಲಿ ಸೈಕಲ್ ಇತ್ತಲ್ರಿ, ಅದೇ ಊರು. ಎರಡನೇ ಮಹಾಯುದ್ಧ ಮುಗಿದ ಹೊಸದ್ರಾಗ ಮೂರು ಗೇರಿನ ಫಿಕ್ಸೆಡ್ ಹಬ್ಬು ಮಾಡಿದ್ರು, ಆಮ್ಯಾಲ ನಿಲ್ಲಿಸಿದ್ರು. ಹಳೇ ಹಬ್ಬಿಗೆ ಮಂದಿ ಬಾಯಿ ಬಾಯಿ ಬಿಟ್ರು. 2000ದಾಗ ತೈವಾನಿನ ಸನ್‌ರೇಸ್ ಆ ಕಂಪನಿ ಕೊಂಡ್ಕೊಂತು, 2009ರಾಗ ಹೊಸ ರೂಪದಾಗ ಮತ್ತ ತಂತು. ಅದೇ ನನ್ನ ಹೊಟ್ಟಿಯೊಳಗಿಂದು.

ಶುದ್ಧ ಫಿಕ್ಸಿಗಳು ನಿಮ್ಮನ್ನು ಜಾತಿಯಿಂದ ಹೊರಗೆ ಹಾಕಿದ್ದಾರಂತೆ?

(ಚೈನು ಕಿರುಗುಟ್ಟಿತು.) ವಿಜಯಪುರ, ಬಾಗಲಕೋಟಿ ಕಡೆ ಟ್ರ್ಯಾಕ್ ಮ್ಯಾಲ ಓಡೋ ಹುಡುಗರ ಸೈಕಲ್ಲು ಅದಾವಲ್ಲ, ಅವು ಹಾಕಿದ್ರ ಒಪ್ಪತೀನಿ. ಅವಕ್ಕ ಗೇರೂ ಇಲ್ಲ, ಬ್ರೇಕೂ ಇಲ್ಲ, ಆ ಹುಡುಗರ ತೊಡೀನೇ ಎಲ್ಲಾ. ಹೊರಗ ಹಾಕಿದವ್ರು ಕಾಫಿ ಅಂಗಡಿಗೆ ಹೋಗಿಬರೋ ಫಿಕ್ಸಿಗಳು. ಈ ಮಡಿ ಇವತ್ತಿಂದಲ್ಲ ಬಿಡ್ರಿ. ಟೂರ್ ಡಿ ಫ್ರಾನ್ಸ್ ಹುಟ್ಟಿಸಿದ ಆನ್ರಿ ದೆಗ್ರಾಂಜ್ ಅಂಬೋ ಮನಷ್ಯಾ ಗೇರು ಅಂದ್ರ ಮುದುಕ್ರಿಗೆ ಅಂತಿದ್ದ. 1937ರ ತನಕ ಡಿರೇಲರ್ ಒಳಗ ಬಿಡಲಿಲ್ಲ. ಪಾಪ, ಓಟಗಾರರು ಗುಡ್ಡದ ಬುಡಕ್ಕ ಇಳಿದು, ಹಿಂದಿನ ಗಾಲಿ ಬಿಚ್ಚಿ, ತಿರುವಿ, ಆ ಕಡಿ ಹಲ್ಲಿಗೆ ಚೈನು ಹಾಕಿ ಹತ್ತುತಿದ್ರು. ಗೇರು ಬದಲಾಯಿಸೋದು ಪಾಪ, ಗಾಲಿ ಬದಲಾಯಿಸಿದ್ರ ಪುಣ್ಯ!

ನಿಮ್ಮಲ್ಲೂ ಒಂದು ಐಬು ಇದೆಯಂತೆ. ಪೆಡಲಿಗೆ ಸ್ವಲ್ಪ ಸಡಿಲ.

ಐತ್ರಿ, ಸುಳ್ಳು ಹೇಳಂಗಿಲ್ಲ. ಶುದ್ಧ ಫಿಕ್ಸಿಯಾಗ ಹಿಂದಕ್ಕ ಒತ್ತಿದ ಕೂಡ್ಲೇ ಗಾಲಿ ಹಿಡೀತೈತಿ. ನನ್ನಾಗ ಒಳಗಿನ ಹಲ್ಲು ಒಂದಕ್ಕೊಂದು ಕೂಡೋ ತನಕ ಪೆಡಲ್ ಸ್ವಲ್ಪ ಖಾಲಿ ಸರೀತೈತಿ, ಆಮ್ಯಾಲ ಕಟ್ ಅಂತ ಹಿಡೀತೈತಿ. ಆದ್ರ ಈ ಸೀಮಿಯಾಗ ಅದನ್ನ ಐಬು ಅಂತ ಎತ್ತಿ ಆಡಬಾರದು. ಹಂಪಿಯ ಸೇತುವೆ ಕಥಿ ನೋಡ್ರಿ. ಆನೆಗೊಂದಿ ಸೇತುವೆ ಸಲುವಾಗಿ 1999ರಾಗ ಯುನೆಸ್ಕೋ ಹಂಪೀನ್ನ ಅಪಾಯದ ಪಟ್ಟಿಗೆ ಹಾಕ್ತು, 2006ರಾಗ ತೆಗೀತು, 2009ರ ಜನವರಿಯಾಗ ಕಟ್ಟೋ ಹೊತ್ತಿಗೇ ಸೇತುವೆ ಕುಸೀತು. ಕೂಲಿಯವರ ಜೀವ ಹೋದುವು, ಅದರಾಗ ನಗೋದು ಏನಿಲ್ಲ. ನಾ ಹೇಳೋದು ಇಷ್ಟ: ಒತ್ತಿದ್ದಕ್ಕೂ ಹಿಡಿದದ್ದಕ್ಕೂ ನಡುವ ನನಗ ಅರ್ಧ ಗೇಣು ಸಡ್ಲ, ದಫ್ತರಕ್ಕ ಹತ್ತು ವರ್ಷ.

ಹಂಪಿಗೆ ಹೋಗಿದ್ದಿರಾ?

ಹೋಗಿದ್ದೆ, 13 ಕಿಲೋಮೀಟರ್ ಏನ್ ದೊಡ್ಡದಲ್ಲ. ಅಲ್ಲಿ ಬಾಡಿಗಿ ಸೈಕಲ್ಲೊಂದು ಪರಿಚಯ ಆತು. ಅದು 21 ಗೇರಿನ ಸರದಾರ. ಈಗ ಎಲ್ಲಾ ಜಾಮ್ ಆಗಿ ಒಂದೇ ಗೇರಿನ್ಯಾಗ ನಿಂತೈತಿ. ಒಂದ್ ಇರಬೇಕಾದವ ನಾ ಮೂರಾಗೀನಿ, 21 ಇರಬೇಕಾದವ ಅವ ಒಂದಾಗ್ಯಾನ. ಹೆಂಗಿದ್ರೂ ಪ್ರವಾಸಿ "ಗೇರ್ ಸೈಕಲ್" ಅಂತ ಹೆಚ್ಚಿಗಿ ಬಾಡಿಗಿ ಕೊಟ್ಟು, ಫೋಟೋ ತಗೊಂಡು, ನೂಕ್ಕೊಂಡು ಬರ್ತಾನ.

ಆಮ್ಯಾಲ ವಿಠ್ಠಲ ಗುಡಿ. ಅಲ್ಲಿ ಕಲ್ಲಿನ ರಥ ನೋಡಿ ಕೈ ಮುಗಿದೆ. ಒಂದ್ ಕಾಲಕ್ಕ ಅದರ ಗಾಲಿ ತಿರುಗ್ತಿದ್ದುವಂತ. ಮಂದಿ ತಿರುವಿ ತಿರುವಿ ಸವಸ್ತಾರಂತ ಪುರಾತತ್ವದವ್ರು ಸಿಮೆಂಟ್ ಹಾಕಿ ನಿಲ್ಲಿಸಿಬಿಟ್ರು. ಅದರ ಮುಂದ ಯಾವ ಶುದ್ಧ ಫಿಕ್ಸಿ ಎದಿ ಉಬ್ಬಿಸತೈತಿ? ಪೆಡಲೂ ತಿರುಗಂಗಿಲ್ಲ, ಗಾಲಿಯೂ ತಿರುಗಂಗಿಲ್ಲ, ಆದ್ರೂ 50 ರೂಪಾಯಿ ನೋಟಿನ ಮ್ಯಾಲ ಕುಂತು ದೇಶ ಎಲ್ಲಾ ತಿರುಗತೈತಿ.

ಏರಿನ ಮಾತಾಯಿತು. ಇಳಿಜಾರಿನಲ್ಲಾದರೂ ಸವಾರನಿಗೆ ಆರಾಮ ಕೊಡುತ್ತೀರಾ?

ಇಲ್ರಿ! ಇದನ್ನ ದಪ್ಪ ಅಕ್ಷರದಾಗ ಹಾಕ್ರಿ. ಗೇರು ಕೊಟ್ಟೀನಿ, ಪುಕ್ಕಟೆ ಉರುಳಾಕ ಬಿಟ್ಟಿಲ್ಲ. ಇಳಕಲಿನ್ಯಾಗೂ ತುಳೀಬೇಕು. ಒಮ್ಮಿ ಸಂಡೂರಿಂದ ಬರಬೇಕಾದ್ರ ಮಾಲಕ ಒಂದನೇ ಗೇರಿನ್ಯಾಗೇ ಮರೆತು ಇಳಕಲಿಗೆ ಬಿಟ್ಟ. 45 ಕಿಲೋಮೀಟರ್ ವೇಗಕ್ಕ ಆ ಗೇರಿನ್ಯಾಗ ಪೆಡಲ್ ನಿಮಿಷಕ್ಕ 190 ಸುತ್ತು. ಕಾಲು ಕಾಣ್ತಿರಲಿಲ್ಲ, ಕೂಗು ಮಾತ್ರ ಕೇಳ್ತಿತ್ತು.

ನೀವು ನಗ್ತೀರಿ. ಈ ಸೀಮಿಗೆ ಇಳಕಲು ಅಂದ್ರೇನು ಗೊತ್ತೈತಲ್ಲ? ಚೀನಾಕ್ಕ ಅದಿರು ಬೇಕಾದ ಕಾಲ. 2008ರ ಬೀಜಿಂಗ್ ಒಲಿಂಪಿಕ್ಸಿನ ಹಿಂದ ಮುಂದ. ಗುಡ್ಡ ತಾನೇ ಕರಗಿ ರೊಕ್ಕ ಆಗಿ ಹರೀತಿತ್ತು. ಜ್ವಾಳದ ಹೊಲದಾಗ ಜೆಸಿಬಿ, ಜೆಸಿಬಿ ಓನರ್ ಮನಿ ಮ್ಯಾಲ ಹೆಲಿಕಾಪ್ಟರ್. ಎಲ್ಲಾರೂ ಹ್ಯಾಂಡಲ್ ಬಿಟ್ಟು, ಕಾಲು ಎತ್ತಿ, ಫ್ರೀವೀಲಿನ ಟಕಟಕ ಕೇಳ್ಕೊಂತ ಕುಂತಿದ್ರು. ಬ್ರೇಕ್ ಹಾಕಬೇಕಾದವ್ರೇ ಕ್ಯಾರಿಯರ್ ಮ್ಯಾಲ ಡಬಲ್ ರೈಡ್ ಕುಂತಿದ್ದಕ್ಕ ಬ್ರೇಕ್ ದಿಲ್ಲಿಯಿಂದ ಬರಬೇಕಾತು. 2011ರ ಜುಲೈದಾಗ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ವರದಿ ಬಂತು. ಆ ತಿಂಗಳು ಮುಗಿಯೋದ್ರಾಗ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲಾದಾಗ ಗಣಿಗಾರಿಕಿ ನಿಲ್ಲಿಸ್ತು. ಸ್ಪೀಡಿನ್ಯಾಗ ಇದ್ದಾಗ ಮುಂದಿನ ಬ್ರೇಕ್ ಹಿಡಿದ್ರ ಏನಾಗತೈತಿ? ಹಿಂದ ಕುಂತಾವ ಮೊದ್ಲು ಹಾರಿ ಬೀಳ್ತಾನ. ಲಾರಿ ಡ್ರೈವರ್, ಕ್ಲೀನರ್, ಸಾಲ ಮಾಡಿ ಲಾರಿ ತಗೊಂಡಾವ ಬಿದ್ರು. ಮುಂದ ಕುಂತಾವ ಜಾಮೀನು ತಗೊಂಡು ಎದ್ದ.

ಆಮೇಲೆ ಗಣಿ ಮತ್ತೆ ಶುರುವಾಯಿತಲ್ಲ?

ಆತು, ನನ್ನ ಹಬ್ಬು ನೋಡಿ ಮಾಡಿದಂಗ ಶುರು ಆತು. ಗಣಿಗಳನ್ನ ಎ, ಬಿ, ಸಿ ಅಂತ ಮೂರು ಮಾಡಿದ್ರು. ತಪ್ಪಿಲ್ಲದವು ಎ, ಅಷ್ಟಿಷ್ಟು ದಾಟಿದವು ಬಿ, ಮಿತಿ ಮೀರಿ ದಾಟಿದವು ಸಿ. 2013ರಾಗ ಸಿ ಗೇರು ಕಿತ್ತು ಒಗೆದ್ರು. ಉಳಿದವಕ್ಕ ವರ್ಷಕ್ಕ ಇಷ್ಟೇ ಟನ್ ಅಂತ ಮಿತಿ. ಗೇರು ಹಾಕಿದ್ದು ಚಲೋ ಆತು. ಫ್ರೀವೀಲ್ ಕಿತ್ತಾರೋ ಇಲ್ಲೋ, ಸಂಡೂರಿನ ಗುಡ್ಡದ ಕಾಡು ಕೇಳ್ರಿ.

ಪಕ್ಷದಿಂದ ಪಕ್ಷಕ್ಕೆ ಹೋಗುವ ನಾಯಕರನ್ನು ನಿಮ್ಮೊಂದಿಗೆ ಹೋಲಿಸುತ್ತಾರೆ.

ತಪ್ಪು. ಅವ್ರಿಗೆ ರಿವರ್ಸ್ ಗೇರೂ ಐತಿ. ನನ್ನ ಯಾರೂ ರಿಸಾರ್ಟಿಗೆ ಕರ್ಕೊಂಡು ಹೋಗಿಲ್ಲ.

ಕಂಪ್ಲಿಯ ಅನುಭವ?

ಕಂಪ್ಲಿ ಅಂದ್ರ ಸ್ವರ್ಗ. ಭತ್ತ, ಬಾಳಿ, ಕಬ್ಬು, ರಸ್ತೆ ಸಪಾಟು. ಮೂರನೇ ಗೇರಿನ್ಯಾಗ ಇಟ್ರ ಮುಗೀತು, ಶುದ್ಧ ಫಿಕ್ಸಿ ಆಗಿಬಿಡ್ತೀನಿ. ಸಪಾಟು ಊರಾಗ ಎಲ್ಲಾರೂ ಸಿದ್ಧಾಂತಿಗಳೇ ನೋಡ್ರಿ. ಆದ್ರ ಆ ಮಣ್ಣಿನ್ಯಾಗ ಖರೇ ಫಿಕ್ಸೆಡ್ ಮಂದಿ ಇದ್ರು. ದಂಗೆ ಎದ್ದು ಮೊರೆ ಬಂದ ಬಹಾವುದ್ದೀನನನ್ನ ಒಪ್ಪಿಸು ಅಂತ ದಿಲ್ಲಿಯ ತುಘಲಕ್ ಕೇಳಿದ್ರ ಕಂಪಿಲರಾಯ ಹಿಂದ ಸರೀಲಿಲ್ಲ. 1327ರ ಸುಮಾರಿಗೆ ರಾಜ್ಯ ಹೋತು, ಮಗ ಕುಮಾರರಾಮ ಪದದಾಗ ಉಳಿದ. ಇಂಥವ್ರ ಮುಂದ ಬೆಂಗಳೂರಿನ ಫಿಕ್ಸಿಗಳು ಹಟದ ಮಾತಾಡಬಾರದು.

ಹೊಳಿಗೆ ನೀರು ಜೋರ್ ಬಿಟ್ರ ಕಂಪ್ಲಿ ಸೇತುವೆ ಮುಳುಗತೈತಿ. ಆವಾಗ ಗೇರು ಮೂರಿದ್ರೇನು, ಮೂವತ್ತಿದ್ರೇನು, ಗಂಗಾವತಿ ಗಂಗಾವತಿಯಾಗೇ ಇರತೈತಿ.

ನೀರಿನ ಮಾತು ಬಂತು. ತುಂಗಭದ್ರಾ ಜಲಾಶಯದ ಗೇಟಿನ ಚೈನು ಕಡಿದಾಗ ನಿಮಗೇನನ್ನಿಸಿತು?

ಎದಿ ಝಲ್ಲಂತು. 2024ರ ಆಗಸ್ಟ್ 10ರ ರಾತ್ರಿ, 33 ಗೇಟಿನ್ಯಾಗ 19ನೇದರ ಚೈನು. ಉಳಿದ ಸೈಕಲ್ಲಿಗೆ ಚೈನು ಹೋದ್ರ ಓಟ ನಿಲ್ಲತೈತಿ, ಅಷ್ಟೇ. ನಮ್ಮ ಕುಲದಾಗ ಚೈನೇ ಓಟ, ಚೈನೇ ಬ್ರೇಕು. ಕಡಿದ್ರ ಎರಡೂ ಒಮ್ಮಿಗೇ ಹೋಗ್ತಾವು. ಗೇಟಿಂದೂ ಹಂಗೇ ಆತಲ್ರಿ, ಏರಿಸಾಕೂ ಅದೇ, ಹಿಡಿದು ನಿಲ್ಲಿಸಾಕೂ ಅದೇ. ಕನ್ನಯ್ಯ ನಾಯ್ಡು ಅನ್ನೋ ಹಿರಿಯರು ಬಂದು, ಹರಿಯೋ ನೀರಿನ್ಯಾಗೇ ತಾತ್ಕಾಲಿಕ ಗೇಟು ಇಳಿಸಿ, ವಾರದಾಗ ನೀರು ನಿಲ್ಲಿಸಿದ್ರು. ನಮ್ಮ ಮೇಸ್ತ್ರಿ ಅದನ್ನ ಟಿವಿಯಾಗ ನೋಡಿ ಎದ್ದು ಬಂದು, ಯಾರೂ ಹೇಳದೇ ನನ್ನ ಚೈನಿಗೆ ಎಣ್ಣಿ ಹಾಕ್ದ.

ಮುಂದಿನ ಯೋಜನೆ?

ಮಾಲಕಗ ವರ್ಗ ಆಗೈತಿ, ಮಾರಾಕ ಇಟ್ಟಾನ. ಕಂಪ್ಲಿಯಿಂದ ಒಬ್ಬ ರೈತ ಬಂದು ನೋಡ್ದ. "ಕ್ಯಾರಿಯರ್ ಎಲ್ಲಿ?" ಅಂದ. ಇಲ್ಲ. "ಸ್ಟ್ಯಾಂಡು?" ಇಲ್ಲ. "ಕಾಲು ನಿಲ್ಲಿಸಿದ್ರ ತಾನೇ ಹೋಗತೈತೇನು?" ಇಲ್ಲ. ಸ್ವಲ್ಪ ಹೊತ್ತು ಸುಮ್ನ ನಿಂತ. ಆಮ್ಯಾಲ ಹಿಂದಿನ ಹಬ್ಬು ಮುಟ್ಟಿ ಕೇಳ್ದ: "ಇದೊಂದು ಬಿಚ್ಚಿ ಕೊಡ್ರಿ. ಕಬ್ಬಿನ ಹಾಲಿನ ಮಷೀನಿಗೆ ಮೂರು ಸ್ಪೀಡ್ ಹಾಕ್ತೀನಿ." ಮಾಲಕ ನಿನ್ನೆಯಿಂದ ವಿಚಾರ ಮಾಡಾಕತ್ಯಾನ್ರಿ. ರೇಟು ಚಲೋ ಹೇಳ್ಯಾನ.