ಕಚೇರೀ ಭಿತ್ತಿವರ್ಣ ಮೀಮಾಂಸೆ

ಶಾಸ್ತ್ರಗ್ರಂಥವನ್ನು ಆರಂಭಿಸತಕ್ಕವನು ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ಮೊದಲಿಗೇ ನಿವೇದಿಸಬೇಕೆಂಬುದು ಶಿಷ್ಟಾಚಾರವಾದ್ದರಿಂದ ನಾನೂ ಅದನ್ನು ಮೀರುವುದಿಲ್ಲ. ಇಲ್ಲಿ ವಿಷಯವು ಕಚೇರಿಯ ಗೋಡೆಗೆ ಯಾವ ಬಣ್ಣ ತಕ್ಕುದೆಂಬುದು. ಪ್ರಯೋಜನವು ಮಾರ್ಚಿ ತಿಂಗಳು ಮುಗಿಯುವುದರೊಳಗಾಗಿ ಅನುದಾನವೂ ಮುಗಿಯುವುದು. ಸಂಬಂಧವು ಗುತ್ತಿಗೆದಾರನಿಗೂ ಬಿಲ್ಲಿಗೆ ರುಜು ಹಾಕುವವರಿಗೂ ಇರತಕ್ಕದ್ದು, ಅದನ್ನು ಬಿಡಿಸಿ ಹೇಳುವುದು ಸಭ್ಯರ ಲಕ್ಷಣವಲ್ಲ. ಇನ್ನು ಅಧಿಕಾರಿಯೆಂದರೆ, ವೇದಾಂತಿಗಳ ಪರಿಭಾಷೆಯಂತೆ, ಗ್ರಂಥವನ್ನೋದಲು ಅರ್ಹನಾದವನೇ ಹೊರತು ಒಳಕೋಣೆಯಲ್ಲಿ ಫ್ಯಾನಿನ ಕೆಳಗೆ ಕುಳಿತವರಲ್ಲ. ಯಾವಾತನು ಒಂದು ಪಹಣಿಯ ನಕಲಿಗಾಗಿ ಮೂರು ಹಗಲು ಬೆಂಚಿನ ಮೇಲೆ ಕುಳಿತು ಎದುರಿನ ಗೋಡೆಯನ್ನು ಅನನ್ಯಚಿತ್ತನಾಗಿ ಧ್ಯಾನಿಸಿರುವನೋ ಆತನೇ ಇಲ್ಲಿ ಅಧಿಕಾರಿ.

ಬಣ್ಣಗಳು ಎಷ್ಟೆಂಬ ಪ್ರಶ್ನೆಯಲ್ಲಿ ಪೂರ್ವಪಶ್ಚಿಮಗಳಿಗೆ ಸಂಖ್ಯೆಯ ಮಟ್ಟಿಗೆ ವಿವಾದವಿಲ್ಲ. 1704ರಲ್ಲಿ ಪ್ರಕಟವಾದ ತನ್ನ ಆಪ್ಟಿಕ್ಸ್ ಗ್ರಂಥದಲ್ಲಿ ನ್ಯೂಟನ್ ಮಹಾಶಯನು ಏಳೆಂದ. ನಮ್ಮ ಅನ್ನಂಭಟ್ಟನೂ ತರ್ಕಸಂಗ್ರಹದಲ್ಲಿ ಶುಕ್ಲ, ನೀಲ, ಪೀತ, ರಕ್ತ, ಹರಿತ, ಕಪಿಶ, ಚಿತ್ರ ಎಂದು ಏಳನ್ನೇ ಎಣಿಸಿದ. ಆದರೆ ಕತ್ತಲೆಗೋಣೆಯೊಳಕ್ಕೆ ಸಣ್ಣ ರಂಧ್ರವೊಂದರಿಂದ ಬಿಸಿಲನ್ನು ಬಿಟ್ಟುಕೊಂಡು ಗಾಜಿನ ಪಟ್ಟಕದಿಂದ ಅದನ್ನು ಸೀಳಿದ ನ್ಯೂಟನ್ನನ ಪಟ್ಟಿಯಲ್ಲಿ ಬಿಳುಪಿಗೂ ಎಡೆಯಿಲ್ಲ, ಕಂದಿಗೂ ಎಡೆಯಿಲ್ಲ. ಸರ್ಕಾರೀ ಗೋಡೆಯನ್ನು ಆತ ಕಂಡವನಲ್ಲವೆಂಬುದಕ್ಕೆ ಬೇರೆ ಪ್ರಮಾಣ ಬೇಡ. ಅನ್ನಂಭಟ್ಟನ ಏಳನೆಯ ಬಣ್ಣವಾದ ಚಿತ್ರವಂತೂ, ಅಂದರೆ ಇಂಥದೇ ಎಂದು ಹೇಳಲಾಗದಂತೆ ಹಲವು ಬೆರೆತದ್ದು, ನಮ್ಮ ಮಹಡಿ ಮೆಟ್ಟಲಿನ ತಿರುವಿನಲ್ಲಿ ಪ್ರತ್ಯಕ್ಷಸಿದ್ಧವಾಗಿದೆ. ಎಲೆಯಡಿಕೆಯ ರಸವು ಕೆಂಪಾಗುವುದು ಅಡಕೆಯ ಒಗರಿಗೆ ಸುಣ್ಣದ ಕ್ಷಾರ ಸೇರುವುದರಿಂದ. ಗೋಡೆಯ ಮೇಲಿರುವುದೂ ಸುಣ್ಣವೇ. ಆದಕಾರಣ ತಿರುವಿನಲ್ಲಿ ಉಗುಳತಕ್ಕವನು ಗೋಡೆಯನ್ನು ಕೆಡಿಸುತ್ತಿಲ್ಲ, ಅಗಲಿದ ಎರಡು ಸುಣ್ಣಗಳನ್ನು ಒಂದುಗೂಡಿಸುತ್ತಿದ್ದಾನೆಂದು ಅದ್ವೈತಿಗಳು ವಾದಿಸಬಹುದು. ಜವಾನರಿಗೆ ಈ ವಾದ ಒಪ್ಪಿಗೆಯಿಲ್ಲ.

ಜರ್ಮನಿಯ ಕವಿ ಗಯಟೆ 1810ರಲ್ಲಿ ಬಣ್ಣಗಳ ಮೇಲೊಂದು ದೊಡ್ಡ ಗ್ರಂಥವನ್ನು ಬರೆದು, ಮನುಷ್ಯನು ಸದಾಕಾಲ ಇರತಕ್ಕ ಕೋಣೆಗೆ ಜನ ಹಸುರನ್ನೇ ಆರಿಸುವರು, ಅದು ಕಣ್ಣಿಗೆ ವಿಶ್ರಾಂತಿಯೆಂದು ಅಭಿಪ್ರಾಯಪಟ್ಟ. ಅದಕ್ಕೆ ಮುಂಚೆಯೇ, 1775ರಲ್ಲಿ, ಷೀಲೆಯೆಂಬ ರಸಾಯನಶಾಸ್ತ್ರಜ್ಞನು ಒಂದು ಸೊಗಸಾದ ಹಸುರನ್ನು ಕಂಡುಹಿಡಿದಿದ್ದು, ಯೂರೋಪಿನ ಗೋಡೆಕಾಗದಗಳಿಗೆಲ್ಲ ಅದು ಹಬ್ಬಿತು, ಅದರಲ್ಲಿದ್ದದ್ದು ಪಾಷಾಣ. ಸದಾಕಾಲ ಇರತಕ್ಕ ಕೋಣೆ ಎಂಬ ಮಾತಿಗೆ ಇಷ್ಟು ಗಂಭೀರವಾದ ಅರ್ಥವುಂಟೆಂದು ಕವಿಯೂ ಎಣಿಸಿರಲಾರ. ವಿಶ್ರಾಂತಿಗೆ ನಮ್ಮ ಕಚೇರಿಗಳಲ್ಲಿ ಹಸುರಿನ ಅಗತ್ಯ ಹೇಗೂ ಇಲ್ಲವಾಗಿ ಈ ಪಕ್ಷವನ್ನು ಇಲ್ಲಿಗೇ ಬಿಡೋಣ.

ಸಿದ್ಧಾಂತವು ಭರತಮುನಿಯಲ್ಲಿದೆ. ನಾಟ್ಯಶಾಸ್ತ್ರವು ರಸಕ್ಕೊಂದು ಬಣ್ಣವನ್ನು ಗೊತ್ತುಮಾಡಿದ್ದು, ಕಚೇರಿಯಲ್ಲಿ ನಡೆಯುವುದೆಲ್ಲವೂ ನಾಟ್ಯವೇ ಆದ್ದರಿಂದ ಅದನ್ನು ಇಲ್ಲಿಗೆ ಅನ್ವಯಿಸಲು ಯಾವ ಬಾಧಕವೂ ಕಾಣದು. ಕಂದಾಯ ವಸೂಲಿಯ ಕೋಣೆಗೆ ರೌದ್ರದ ಕೆಂಪು. ಲೆಕ್ಕತಪಾಸಣೆಯವರು ಬಂದು ಕೂರುವಲ್ಲಿಗೆ ಭಯಾನಕದ ಕಪ್ಪು. ಅರ್ಜಿಯು ಬಂದ ದಿನವೇ ಇತ್ಯರ್ಥವಾಗತಕ್ಕ ಸ್ಥಳಕ್ಕೆ ಅದ್ಭುತದ ಹಳದಿ, ಇದಕ್ಕೆ ಬಣ್ಣ ಬಹಳ ಹಿಡಿಯದು. ಬೆಂಗಳೂರಿನಲ್ಲಿ ಹದಿನೆಂಟು ಇಲಾಖೆಗಳಿಗಾಗಿ ಕಟ್ಟಿಸಿ 1868ರಲ್ಲಿ ಮುಗಿಸಿದ ಅಠಾರಾ ಕಚೇರಿಯು ಇಂದಿಗೂ ಕೆಂಪಾಗಿ ಕಂಗೊಳಿಸುತ್ತಿದ್ದು, ಅದರಲ್ಲೀಗ ಉಚ್ಚ ನ್ಯಾಯಾಲಯವು ವಿರಾಜಮಾನವಾಗಿರುವ ಕಾರಣ, ಕೆಂಪಿನ ರಸವಿಚಾರವನ್ನು ನಾನು ಇಲ್ಲಿಂದ ಮುಂದೆ ಬೆಳೆಸಲಾರೆ. ಅದರ ಎದುರಿಗೆ 1956ರಲ್ಲಿ ಮುಗಿದ ವಿಧಾನಸೌಧವನ್ನು ಕಗ್ಗಲ್ಲಿನಲ್ಲೇ ಕಟ್ಟಿಸಿದ ಕೆಂಗಲ್ ಹನುಮಂತಯ್ಯನವರು ಹೊರಗೋಡೆಗೆ ಯಾವ ಬಣ್ಣವೆಂಬ ಟಿಪ್ಪಣಿಯೇ ಹುಟ್ಟದಂತೆ ಮಾಡಿದ ದೂರದೃಷ್ಟಿಯನ್ನು ಯಾವ ಇತಿಹಾಸಕಾರನೂ ಸಾಕಷ್ಟು ಕೊಂಡಾಡಿದಂತಿಲ್ಲ. ಉಳಿದ ಕಚೇರಿಗಳಿಗೆಲ್ಲ ಬಿಳುಪೇ ಗತಿ. ಬಿಳುಪು ಹಾಸ್ಯರಸದ ಬಣ್ಣ.

ಅನುಭವ ಪ್ರಮಾಣವನ್ನೂ ಕೊಡಬೇಕಾದರೆ, ನಾನು ಗುಮಾಸ್ತನಾಗಿದ್ದ ಕಚೇರಿಯೊಂದರಲ್ಲಿ ಹೀಗೆಯೇ ಸುಣ್ಣ-ಕಾರಣೆ ನಡೆಯಿತು. ಹಸಿಯ ಸುಣ್ಣವು ನೀರಿನಂತೆ ಪಾರದರ್ಶಕವಾಗಿದ್ದು ಒಣಗಿದಮೇಲೆ ಬೆಳ್ಳಗಾಗುವುದೆಂಬ ತತ್ತ್ವವನ್ನರಿಯದ ಹೆಡ್ ಗುಮಾಸ್ತರು, “ಏನಯ್ಯಾ, ಬರಿಯ ನೀರನ್ನು ಬಳಿದಿದ್ದೀಯಲ್ಲ!” ಎಂದು ಗದರಿದರು. ಮೇಸ್ತ್ರಿ, “ಒಣಗ್ಲಿ ಬುದ್ಧಿ, ತಾನೇ ಬೆಳ್ಳಗಾಯ್ತದೆ” ಎಂದರೂ ಕೇಳದೆ ಇನ್ನೆರಡು ಮುಷ್ಟಿ ಅಗಸರ ನೀಲಿಯನ್ನು ಹಾಕಿಸಿದ ಫಲವಾಗಿ ಗೋಡೆಯು ಮರುದಿನ ಬೀಭತ್ಸದ ವರ್ಣಕ್ಕೆ ತಿರುಗಿತು, ಮತ್ತೆ ಬಳಿಸಬೇಕಾಯಿತು. ಬಳಿದ ಸುಣ್ಣವು ಗಾಳಿಯಲ್ಲಿನ ಇಂಗಾಲಾಮ್ಲ ವಾಯುವನ್ನು ಹೀರಿ ಪುನಃ ಸುಣ್ಣಕಲ್ಲಾಗಿ ಗಟ್ಟಿಗೊಳ್ಳುವುದೆಂಬುದು ರಸಾಯನಶಾಸ್ತ್ರದ ಮಾತು; ಆ ವಾಯುವೇ ಮನುಷ್ಯನ ನಿಶ್ವಾಸದಲ್ಲಿರತಕ್ಕದ್ದು; ಹಾಗಿರಲು, ಬೆಂಚಿನ ಮೇಲೆ ಸಾಲಾಗಿ ಕುಳಿತ ಅರ್ಜಿದಾರರ ನಿಟ್ಟುಸಿರಿನಿಂದ ನಮ್ಮ ಗೋಡೆಗಳು ಎಷ್ಟು ಬಲವಾದುವೆಂಬುದನ್ನು ಓದುಗರೇ ಊಹಿಸಿಕೊಳ್ಳಲಿ. ಸ್ವಲ್ಪ ದಿವಸಕ್ಕೆ ಪ್ರತಿಯೊಂದು ಕುರ್ಚಿಯ ಹಿಂದೆಯೂ, ತಲೆಯಾನಿಸುವಷ್ಟು ಎತ್ತರದಲ್ಲಿ, ಹರಳೆಣ್ಣೆಯ ದುಂಡನೆಯ ಮಂಡಲವೊಂದು ಮೂಡಿ, ಹಾಜರಿಲ್ಲದ ಗುಮಾಸ್ತನಿಗೂ ದೇವರಿಗಿರುವಂತೆ ಪ್ರಭಾವಳಿಯೊಂದು ಕಾದಿರುತ್ತಿತ್ತು. ಧೂಳು, ಮಳೆಯ ಸೋರು, ಬೀಡಿಯ ಹೊಗೆ, ಗವಾಕ್ಷಿಯ ಪಾರಿವಾಳಗಳ ಸಂಸಾರ ಇವೆಲ್ಲ ಸೇರಿ ಹಾಸ್ಯದ ಬಿಳುಪು ಮೆಲ್ಲಮೆಲ್ಲನೆ ಇಳಿದು ಬೂದಿಯ ಬಣ್ಣಕ್ಕೆ ನಿಂತಿತು. ಭರತನು ಆ ಬಣ್ಣವನ್ನು ಕಪೋತವೆಂದು ಕರೆದು ಕರುಣರಸಕ್ಕೆ ಕೊಟ್ಟಿದ್ದಾನೆ. ಕಪೋತವೆಂದರೆ ಪಾರಿವಾಳವೇ.

ಹತ್ತು ವರ್ಷಗಳ ತರುವಾಯ, ಬೀಳಲಿದ್ದ ಒಂದು ಕಡತವನ್ನು ಹಿಡಿಯಹೋಗಿ, ಗೋಡೆಗೊರಗಿದ್ದ ದಾಖಲೆಯ ಬೀರುವನ್ನು ಜವಾನನು ಸ್ವಲ್ಪ ಪಕ್ಕಕ್ಕೆ ಸರಿಸಿದನು. ಅದರ ಮರೆಯಲ್ಲಿ ಆಳೆತ್ತರದ ಒಂದು ಚೌಕವು ಬಳಿದ ದಿನದ ಬಿಳುಪಿನಲ್ಲಿಯೇ ಹೊಳೆಯುತ್ತಿತ್ತು. ಬರೆಯುತ್ತಿದ್ದವರು ಲೇಖನಿಗಳನ್ನು ಕೆಳಗಿಟ್ಟು ನೋಡಿದರು. ಅರ್ಜಿದಾರರೂ ಎದ್ದು ಬಂದು ನೋಡಿದರು. ಅಲ್ಲಿಯವರೆಗೆ ಯಾರಿಗೂ ಕೊಳಕಾಗಿ ಕಾಣದಿದ್ದ ಕೋಣೆಯು ಆ ಚೌಕದ ಸುತ್ತಲೂ ಒಮ್ಮೆಗೇ ಕೊಳಕಾಯಿತು. ಹೆಡ್ ಗುಮಾಸ್ತರು ಕನ್ನಡಕವನ್ನು ಹಣೆಗೇರಿಸಿ ಬಹಳ ಹೊತ್ತು ಯೋಚಿಸಿದರು.

“ಬೀರುವನ್ನು ಮೊದಲಿದ್ದ ಕಡೆಗೇ ತಳ್ಳಯ್ಯ,” ಎಂದರು.