ಫ್ಯಾನು ತಿರುಗಿತು, ಪರದೆ ಕಪ್ಪು

ಭೌತಶಾಸ್ತ್ರ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರೊಬ್ಬರು ಆಯುಧಪೂಜೆಗೆ ಎರಡು ದಿನ ಇರುವಾಗ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋಗಿ, ಕಂಪ್ಯೂಟರಿನ ಬಿಡಿಭಾಗಗಳನ್ನೆಲ್ಲ ಎರಡು ಚೀಲ ತುಂಬಿಸಿಕೊಂಡು ಬಂದರು. ‘ನಾವೇ ಜೋಡಿಸಿ ಕೊಡ್ತೀವಿ ಸಾರ್’ ಎಂದ ಅಂಗಡಿ ಹುಡುಗನನ್ನು ಅವರು ನೋಡಿದ ನೋಟ, ಓಮ್‌ನ ನಿಯಮ ಮರೆತವನನ್ನು ಬೆಂಚಿನ ಮೇಲೆ ನಿಲ್ಲಿಸುವಾಗಿನದೇ ಆಗಿತ್ತು.

ಮರುದಿನ ಊಟದ ಮೇಜಿನ ಮೇಲೆ ಜೋಡಣೆ ಮುಗಿಯಿತು. ಗುಂಡಿ ಒತ್ತಿದರು. ಉಸಿರಿಲ್ಲ.

ಪವರ್ ಸಪ್ಲೈಯ ಬೆನ್ನಿಗೆ ಒಂದು ಸ್ವಿಚ್ಚಿರುತ್ತದೆ. ಅದು ಸೊನ್ನೆಯ ಕಡೆಗಿತ್ತು. ಸರಿಪಡಿಸಿದರೂ ಜೀವ ಬರಲಿಲ್ಲ. ಕ್ಯಾಬಿನೆಟ್ಟಿನ ಗುಂಡಿಯಿಂದ ಬರುವ ಸಣ್ಣ ತಂತಿಗಳನ್ನು ಅವರು ದೀಪದ ಪಿನ್ನುಗಳಿಗೆ ಚುಚ್ಚಿದ್ದರು. ಅಲ್ಲಿನ ಅಕ್ಷರ ಓದಲು ಕನ್ನಡಕ ಸಾಲದೆ ಮೊಮ್ಮಗನ ಭೂತಗನ್ನಡಿ ಬೇಕಾಯಿತು.

ಈಗ ಫ್ಯಾನು ತಿರುಗಿತು. ಪರದೆ ಮಾತ್ರ ಕಪ್ಪು. ಫ್ಯಾನು ತಿರುಗಿದ ಮೇಲೆ ಎಲ್ಲ ಸರಿಯಾದಂತೆಯೇ ಎಂದು ನಂಬುವವರು ಬಹಳ. ಬೋರ್ಡಿಗೆ 24 ಪಿನ್ನಿನ ದಪ್ಪ ಕೇಬಲ್ ಹಾಕಿದರೆ ಫ್ಯಾನು ತಿರುಗುತ್ತದೆ, ನಿಜ. ಪ್ರೊಸೆಸರಿಗೆಂದೇ ಇರುವ 8 ಪಿನ್ನಿನ ಇನ್ನೊಂದು ಕೇಬಲ್ ಮೂಲೆಯಲ್ಲಿ ಮುದುರಿ ಕೂತಿತ್ತು. ಅದೂ ಆಯಿತು. ಮಾನಿಟರಿನ ಕೇಬಲ್ಲನ್ನು ಬೋರ್ಡಿಗೆ ಸಿಕ್ಕಿಸಿದ್ದರು. ಅವರು ತಂದಿದ್ದ ಪ್ರೊಸೆಸರಿನ ಹೆಸರಿನ ಕೊನೆಗೆ ‘ಎಫ್’ ಇತ್ತು. ಎಫ್ ಎಂದರೆ ಒಳಗೆ ಚಿತ್ರ ಮೂಡಿಸುವ ಭಾಗವಿಲ್ಲ, ಕೇಬಲ್ ಹೋಗಬೇಕಾದ್ದು ಗ್ರಾಫಿಕ್ಸ್ ಕಾರ್ಡಿಗೆ. ಮೇಷ್ಟ್ರ ಪ್ರಕಾರ ಎಫ್‌ಗೆ ಫೇಲ್ ಎಂಬ ಒಂದೇ ಅರ್ಥ.

ಪರದೆ ಆಗಲೂ ಕಪ್ಪೇ.

1981ರ ಐಬಿಎಂ ಪಿಸಿ ಎಲ್ಲ ಸರಿಯಿದ್ದರೆ ಒಂದು ಸಲ ‘ಬೀಪ್’ ಎಂದು ಕೂಗಿ ಹೇಳುತ್ತಿತ್ತು. ಈಗಿನ ಬೋರ್ಡುಗಳಲ್ಲಿ ಸ್ಪೀಕರಿಗೆ ಪಿನ್ನು ಇರುತ್ತದೆ, ಸ್ಪೀಕರ್ ಸಾಮಾನ್ಯವಾಗಿ ಇರುವುದಿಲ್ಲ. ಬದಲಿಗೆ ಅನೇಕ ಬೋರ್ಡುಗಳ ಅಂಚಿನಲ್ಲಿ ನಾಲ್ಕು ಪುಟ್ಟ ದೀಪ: ಪ್ರೊಸೆಸರಿಗೊಂದು, ರ್‍ಯಾಮಿಗೊಂದು, ಗ್ರಾಫಿಕ್ಸಿಗೊಂದು, ಡಿಸ್ಕಿಗೊಂದು. ಮೇಷ್ಟ್ರ ಬೋರ್ಡಿನಲ್ಲಿ ರ್‍ಯಾಮಿನ ದೀಪ ಕಿತ್ತಳೆ ಬಣ್ಣಕ್ಕೆ ಉರಿಯುತ್ತಿತ್ತು. ಕಳ್ಳ ಸಿಕ್ಕಿದ!

‘ಅಂಕಲ್, ರ್‍ಯಾಮ್ ತೆಗೆದು ರಬ್ಬರಲ್ಲಿ ಉಜ್ಜಿ’ ಎಂದ ಪಕ್ಕದ ಮನೆಯ ಎಂಜಿನಿಯರಿಂಗ್ ಹುಡುಗ. ಇದು ಮೂಢನಂಬಿಕೆಯಲ್ಲ, ಹಳೆಯ ಯಂತ್ರದ ಪಟ್ಟಿಗಳಿಗೆ ಕೊಳೆ ಕೂತಿದ್ದರೆ ಫಲ ಉಂಟು. ಬೆಳಿಗ್ಗೆಯಷ್ಟೇ ಪೊಟ್ಟಣ ಒಡೆದ ರ್‍ಯಾಮಿಗೆ ಕೊಳೆ ಎಲ್ಲಿಂದ ಬರಬೇಕು? ಆದರೂ ಮೇಷ್ಟ್ರು ಒಂದೊಂದು ಕಡ್ಡಿಯ 288 ಚಿನ್ನದ ಪಟ್ಟಿಗಳನ್ನೂ ಉಜ್ಜಿದರು. ‘ಟಕ್’ ಎನ್ನುವಂತೆ ಕೂರಿಸಿ ಗುಂಡಿ ಒತ್ತುವುದು, ಅರ್ಧ ನಿಮಿಷ ನೋಡುವುದು, ಆರಿಸುವುದು, ಮತ್ತೆ ಕೀಳುವುದು. ಹೀಗೆ ಹನ್ನೊಂದು ಸಲ.

ಅವರಾಕೆ ಅಡುಗೆಮನೆಯಿಂದಲೇ ಹೇಳಿದರು: ‘ರೀ, ಇಡ್ಲಿ ಪಾತ್ರೆ ಮುಚ್ಚಳ ಗಳಿಗೆಗೊಂದು ಸಲ ತೆಗೀತಾ ಇದ್ರೆ ಇಡ್ಲಿ ಬೇಯುತ್ತಾ? ಬಿಟ್ಟು ಬಂದು ಊಟ ಮಾಡಿ.’

ರೋಗವೂ ಅದೇ ಆಗಿತ್ತು. ಡಿಡಿಆರ್5 ಎಂಬ ಈಗಿನ ರ್‍ಯಾಮು ಹೊಸ ಬೋರ್ಡಿನಲ್ಲಿ ಮೊದಲ ಸಲ ಕೂತಾಗ, ಯಾವ ತಂತಿಯಲ್ಲಿ ಸಂಕೇತ ಯಾವ ಕ್ಷಣಕ್ಕೆ ಬರುತ್ತದೆಂದು ಅಳೆದು ಬೋರ್ಡು ತಾಳ ಹೊಂದಿಸಿಕೊಳ್ಳುತ್ತದೆ. ‘ಮೆಮೊರಿ ಟ್ರೈನಿಂಗ್’ ಎಂದು ಇದಕ್ಕೆ ಹೆಸರು. ಕೆಲವು ನಿಮಿಷವೇ ಹಿಡಿಯಬಹುದು. ರ್‍ಯಾಮು ಜಾಸ್ತಿಯಿದ್ದರೆ ಇನ್ನೂ ತಡ. ಅಷ್ಟು ಹೊತ್ತೂ ಪರದೆ ಕಪ್ಪು, ಕಿತ್ತಳೆ ದೀಪ ಉರಿಯುತ್ತಲೇ ಇರುತ್ತದೆ. ನಡುವೆ ಆರಿಸಿದರೆ ಪಾಠ ಮತ್ತೆ ಮೊದಲಿಂದ. ಮೂವತ್ತು ವರ್ಷ ಪಾಠ ಹೇಳಿದವರು ಶಿಷ್ಯನನ್ನು ಅರ್ಧ ನಿಮಿಷಕ್ಕೊಮ್ಮೆ ಕಿವಿ ಹಿಡಿದು ಹೊರಗೆ ಹಾಕುತ್ತಿದ್ದರು.

ಹನ್ನೆರಡನೆಯ ಸಲ ಸಿಟ್ಟಿನಲ್ಲಿ ಆರಿಸುವುದನ್ನೇ ಮರೆತು ಊಟಕ್ಕೆ ಎದ್ದರು. ಹುಳಿ ಮುಗಿದು ಮಜ್ಜಿಗೆಗೆ ಬರುವಷ್ಟರಲ್ಲಿ ಪರದೆ ಬೆಳಗಿತು.

ಆಯುಧಪೂಜೆಯ ದಿನ ಕ್ಯಾಬಿನೆಟ್ಟಿಗೆ ಒಂದು ಬೊಟ್ಟು, ಸ್ಕ್ರೂಡ್ರೈವರಿಗೆ ಒಂದು ಬೊಟ್ಟು ಬಿತ್ತು. ಇಡ್ಲಿ ಪಾತ್ರೆಗೆ ಎರಡು.